ಕದ್ದ ಗ್ಯಾರಂಟಿ, ಕೊಂಡ ಸುದ್ದಿ

ಚುನಾವಣೆಯ ಕರಪತ್ರ ಕೈಗೆ ಬಂದರೆ ಎಲ್ಲರೂ ಅಭ್ಯರ್ಥಿಯ ಮುಖ ನೋಡುತ್ತಾರೆ. ನಾನು ಕೆಳಗಿನ ಸಣ್ಣಕ್ಷರದ ಸಾಲು ನೋಡುತ್ತೇನೆ: ಮುದ್ರಕರು ಯಾರು, ಪ್ರಕಾಶಕರು ಯಾರು, ಎಷ್ಟು ಪ್ರತಿ. ಬೆಟಗೇರಿಯಲ್ಲಿ ನಮ್ಮದೊಂದು ಸಣ್ಣ ಪ್ರೆಸ್ಸಿದೆ. ಅಪ್ಪ ಮೊಳೆ ಜೋಡಿಸಿ ಟ್ರೆಡಲ್ ತುಳಿಯುತ್ತಿದ್ದ ಜಾಗದಲ್ಲಿ ಈಗ ಒಂದು ಆಫ್‌ಸೆಟ್ ಮಷೀನು, ಎರಡು ಕಂಪ್ಯೂಟರು. ವರ್ಷವಿಡೀ ಲಗ್ನಪತ್ರಿಕೆ, ಬಿಲ್ ಬುಕ್ಕು, ಜಾತ್ರೆಯ ಹ್ಯಾಂಡ್‌ಬಿಲ್ಲು. ಐದು ವರ್ಷಕ್ಕೊಮ್ಮೆ ಪ್ರಜಾಪ್ರಭುತ್ವ.

ಆ ಸಣ್ಣ ಸಾಲು ನಮ್ಮ ಶೋಕಿಗೆ ಹಾಕುವುದಲ್ಲ. 1951ರ ಜನಪ್ರತಿನಿಧಿ ಕಾಯ್ದೆಯ 127ಎ ಕಲಮಿನ ಪ್ರಕಾರ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇಲ್ಲದೆ ಚುನಾವಣೆಯ ಕರಪತ್ರವನ್ನಾಗಲಿ ಪೋಸ್ಟರನ್ನಾಗಲಿ ಅಚ್ಚು ಹಾಕುವಂತಿಲ್ಲ. ಮುದ್ರಿಸಲು ಹೇಳಿದವನಿಂದ ಎರಡು ಪ್ರತಿ ಘೋಷಣಾ ಪತ್ರ ಬರೆಸಿಕೊಳ್ಳಬೇಕು, ಅದಕ್ಕೆ ಅವನನ್ನು ಬಲ್ಲ ಇಬ್ಬರ ಸಹಿ ಬೇಕು. ಅಚ್ಚಾದ ಮೇಲೆ ಘೋಷಣೆಯ ಒಂದು ಪ್ರತಿ, ಕರಪತ್ರದ ಒಂದು ಪ್ರತಿ ಜಿಲ್ಲಾಧಿಕಾರಿ ಕಚೇರಿಗೆ ಹೋಗಬೇಕು. ತಪ್ಪಿದರೆ ಆರು ತಿಂಗಳವರೆಗೆ ಜೈಲು, ಅಥವಾ 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಹೀಗಾಗಿ ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಯಾವ ಅಭ್ಯರ್ಥಿ ಏನು ಹೇಳಿದ, ಯಾರಿಂದ ಹೇಳಿಸಿದ ಎಂಬುದಕ್ಕೆ ನಮ್ಮಂಥ ಪ್ರೆಸ್ಸಿನವರ ಕಪಾಟಿನಲ್ಲೇ ಸಾಕ್ಷಿ ಇರುತ್ತದೆ.

ಯಾರ ಮಾತನ್ನು ಯಾರು ಕದ್ದರು ಎಂಬ ಜಗಳವೂ ಮೊದಲು ನಮ್ಮ ಬಾಗಿಲಿಗೇ ಬರುವುದು. 2023ರ ವಿಧಾನಸಭೆ ಚುನಾವಣೆಯ ಹೊತ್ತಿಗೆ ಶಿರಹಟ್ಟಿ ಕಡೆಯಿಂದ ಒಂದು ಪಕ್ಷದ ಇಬ್ಬರು ಹುಡುಗರು ಬೈಕಿನಲ್ಲಿ ಬಂದರು. ಕೈಯಲ್ಲಿ ಎದುರು ಪಕ್ಷದ ಕರಪತ್ರ, ಕಿಸೆಯಲ್ಲಿದ್ದು ಬೆವರಿಗೆ ಮೆತ್ತಗಾಗಿತ್ತು.

"ಕಾಕಾ, ಇದರಂಗ ಮಾಡಿಕೊಡ್ರಿ. ಬಣ್ಣ ಅಷ್ಟ ಬ್ಯಾರೆ."

"ಒಳಗಿನ ಮ್ಯಾಟರ್?"

"ಮ್ಯಾಟರೂ ಇದ ಇರ್ಲಿ. ಫೋಟೋ, ಚಿನ್ಹೆ ನಮ್ದು. 'ಅಭಿವೃದ್ಧಿಯ ಹರಿಕಾರ' ಅನ್ನೂದು ಇವರದಕ್ಕಿಂತ ದಪ್ಪ ಬರಬೇಕ್ ನೋಡ್ರಿ."

ಮಾಡಿಕೊಟ್ಟೆ. ಕೆಲವೇ ದಿನದಲ್ಲಿ ಎದುರು ಪಕ್ಷದ ಹಿರಿಯರೊಬ್ಬರು ಅದೇ ಕರಪತ್ರ ಹಿಡಿದು ಸಿಟ್ಟಿನಿಂದ ಬಂದರು. "ನಮ್ ಮ್ಯಾಟರ್ ಕದ್ದಾರ್ರೀ. ಯಾವ ಪ್ರೆಸ್ಸಿನಾಂವ ಹೊಡದಾನ ನೋಡ್ರಿ ಇದನ್ನ." "ಕೆಳಗ ನೋಡ್ರಿ ಯಜಮಾನ್ರ, ನಂದ ಹೆಸರೈತಿ" ಎಂದು ಹೇಳಿ, ಕಪಾಟಿನಿಂದ 2018ರ ಇನ್ನೊಂದು ಕರಪತ್ರ ತೆಗೆದು ಮುಂದಿಟ್ಟೆ. ಮೂರನೆಯ ಪಕ್ಷದ್ದು, ಬೇರೆ ಕ್ಷೇತ್ರದ್ದು. ಇವರು ತಮ್ಮದು ಎನ್ನುತ್ತಿದ್ದ ಅರ್ಧಕ್ಕರ್ಧ ಸಾಲು ಅದರಲ್ಲಿದ್ದವು. ಅವರು ಎರಡನ್ನೂ ಓದಿ, ಕನ್ನಡಕ ತೆಗೆದು ಒರೆಸಿಕೊಂಡು, "ಹಂಗಾರ ನಮಗಿನ್ನೈದು ಸಾವಿರ ಹೊಡೀರಿ" ಎಂದು ಹೇಳಿ ಚಹಾ ಕುಡಿದು ಹೋದರು.

ಲಗ್ನಪತ್ರಿಕೆಯ ಒಕ್ಕಣೆಯನ್ನು ಯಾರಾದರೂ ತಮ್ಮದೆಂದು ಹಕ್ಕು ಸಾಧಿಸುತ್ತಾರೆಯೇ? ಮದುಮಕ್ಕಳ ಹೆಸರು, ಮುಹೂರ್ತ, ಕಲ್ಯಾಣ ಮಂಟಪ ಇಷ್ಟನ್ನು ಬದಲಿಸಿ ಉಳಿದದ್ದನ್ನು ಹಾಗೇ ಇಡುತ್ತೇವೆ. ರಾಜಕೀಯದ ಬಹುಪಾಲು ಭಾಷೆಯೂ ಅಷ್ಟೇ. ಆದರೆ ಬೆಂಗಳೂರಿನ ಮಟ್ಟಕ್ಕೆ ಹೋದಾಗ ಇದಕ್ಕೇ ಕಳ್ಳತನದ ಹೆಸರು ಬರುತ್ತದೆ, ಟಿವಿಯಲ್ಲಿ ಒಂದು ಗಂಟೆಯ ಚರ್ಚೆಯಾಗುತ್ತದೆ.

ಗೃಹಲಕ್ಷ್ಮಿಯನ್ನೇ ನೋಡಿ. 2023ರ ಜನವರಿ 16ರಂದು ಬೆಂಗಳೂರಿನ ಸಮಾವೇಶದಲ್ಲಿ ಪ್ರಿಯಾಂಕಾ ಗಾಂಧಿ ಎದುರು ಕಾಂಗ್ರೆಸ್ ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ ಎಂದು ಘೋಷಿಸಿತು. ಫೆಬ್ರುವರಿ 17ರ ಬಜೆಟ್ಟಿನಲ್ಲಿ ಆಗಿನ ಬಿಜೆಪಿ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಭೂರಹಿತ ಕೃಷಿ ಕೂಲಿ ಮಹಿಳೆಯರಿಗೆ ತಿಂಗಳಿಗೆ 500 ರೂಪಾಯಿಯ 'ಗೃಹಿಣಿ ಶಕ್ತಿ' ತಂದರು. ಆ ದಿನ ಕಾಂಗ್ರೆಸ್ ಶಾಸಕರು ಕಿವಿಯ ಮೇಲೆ ಹೂವಿಟ್ಟುಕೊಂಡು ಸದನಕ್ಕೆ ಬಂದಿದ್ದರು. ಇವರು ನಮ್ಮದನ್ನು ಕದ್ದರು ಎನ್ನುವುದು ಕಾಂಗ್ರೆಸ್ಸಿನ ಮಾತು, ಅವರದು ಬರೀ ಕಾಗದದ ಭರವಸೆ ಎನ್ನುವುದು ಬಿಜೆಪಿಯ ಮಾತು. ಅದೇ ವರ್ಷ ಮಧ್ಯಪ್ರದೇಶದ ಬಿಜೆಪಿ ಸರ್ಕಾರ 'ಲಾಡ್ಲಿ ಬೆಹನಾ' ಆರಂಭಿಸಿತು, ಮರುವರ್ಷ ಮಹಾರಾಷ್ಟ್ರದಲ್ಲಿ ಬಿಜೆಪಿ ಪಾಲುದಾರನಾಗಿದ್ದ ಸರ್ಕಾರ 'ಲಾಡಕಿ ಬಹೀಣ್' ತಂದಿತು. ತಮಿಳುನಾಡಿನ ಡಿಎಂಕೆ ಸರ್ಕಾರ 2023ರ ಸೆಪ್ಟೆಂಬರ್‌ನಲ್ಲಿ ತಿಂಗಳಿಗೆ 1,000 ರೂಪಾಯಿ ಕೊಡತೊಡಗಿತು. ಇವರೆಲ್ಲರಿಗಿಂತ ಮೊದಲೇ, 2021ರಲ್ಲಿ, ಪಶ್ಚಿಮ ಬಂಗಾಳದಲ್ಲಿ ಮಮತಾ ಬ್ಯಾನರ್ಜಿ 'ಲಕ್ಷ್ಮೀರ್ ಭಂಡಾರ್' ಶುರು ಮಾಡಿದ್ದರು. ಕಳ್ಳತನದ ದೂರು ಕೊಡುವ ಹಕ್ಕು ಯಾರಿಗಾದರೂ ಇದ್ದರೆ ಅವರಿಗೆ.

ಮುಂದೆ ಪ್ರಧಾನಿಯವರೇ 'ಮೋದಿಯ ಗ್ಯಾರಂಟಿ' ಎಂದು ಭಾಷಣ ಮಾಡತೊಡಗಿದಾಗ, ಗ್ಯಾರಂಟಿ ಎಂಬುದೇ ನಮ್ಮದು, ಅದನ್ನೂ ಕದ್ದರು ಎಂದು ರಾಜ್ಯದ ಕಾಂಗ್ರೆಸ್ ನಾಯಕರು ಗೇಲಿ ಮಾಡಿದರು. ಆಮ್ ಆದ್ಮಿ ಪಕ್ಷದವರು, ಇಬ್ಬರೂ ನಮ್ಮಿಂದ ಕದ್ದವರು ಎಂದರು. ಊಟದ ವಿಷಯದಲ್ಲೂ ಹೀಗೇ. 2017ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಇಂದಿರಾ ಕ್ಯಾಂಟೀನ್ ತೆರೆಯಿತು. ಬೆಳಗಿನ ಉಪಾಹಾರ 5 ರೂಪಾಯಿ, ಊಟ 10 ರೂಪಾಯಿ. ಅದು 2013ರ ಚೆನ್ನೈನ ಅಮ್ಮಾ ಉಣವಗಂ ನೋಡಿ ಮಾಡಿದ್ದು ಎಂಬುದನ್ನು ಯಾರೂ ಮುಚ್ಚಿಡಲಿಲ್ಲ. ಅದು ತೆರೆಯುವ ಮೊದಲೇ ಜೆಡಿಎಸ್‌ನವರು ಬಸವನಗುಡಿಯಲ್ಲಿ 'ಅಪ್ಪಾಜಿ ಕ್ಯಾಂಟೀನ್' ತೆರೆದುಬಿಟ್ಟಿದ್ದರು. ಉಂಡವರ ಹೊಟ್ಟೆಗೆ ಇದಾವುದೂ ಗೊತ್ತಾಗಲಿಲ್ಲ.

ಹಳೆಯ ಯೋಜನೆಗೆ ಹೊಸ ಹೆಸರಿಡುವುದನ್ನು ಪ್ರೆಸ್ಸಿನವರು ಎಲ್ಲರಿಗಿಂತ ಮೊದಲು ಕಾಣುತ್ತೇವೆ. ಪಂಚಾಯಿತಿಗಳಿಗೆ 'ನಿರ್ಮಲ ಭಾರತ ಅಭಿಯಾನ'ದ ಶೌಚಾಲಯದ ತಿಳಿವಳಿಕೆ ಪತ್ರ ಮಾಡುತ್ತಿದ್ದೆವು. 2014ರ ಅಕ್ಟೋಬರ್ 2ರ ನಂತರ ಅದೇ ಶೌಚಾಲಯದ ಚಿತ್ರ, ಅದೇ ತಂಬಿಗೆ ಹಿಡಿದ ಹೆಣ್ಣುಮಗಳ ಚಿತ್ರ ಉಳಿದವು. ಶಿರೋನಾಮೆ ಮಾತ್ರ 'ಸ್ವಚ್ಛ ಭಾರತ'. ಇಂದಿರಾ ಆವಾಸ್ 2016ರಲ್ಲಿ ಪ್ರಧಾನಮಂತ್ರಿ ಆವಾಸ್ ಆಯಿತು. ರಾಜ್ಯದ ಅನ್ನಭಾಗ್ಯ 2013ರ ಜುಲೈನಲ್ಲಿ ಶುರುವಾದಾಗಿನಿಂದ ಅಕ್ಕಿ ಯಾರದು ಎಂಬ ಜಗಳ ಮುಗಿದಿಲ್ಲ. ಕೇಂದ್ರದ್ದು ಅಕ್ಕಿ, ಇವರದು ಬರೀ ಚೀಲ ಎಂದು ಬಿಜೆಪಿಯವರು. 2023ರ ಜೂನ್‌ನಲ್ಲಿ ಹೆಚ್ಚುವರಿ ಅಕ್ಕಿ ಕೊಡಲು ಕೇಂದ್ರ ಒಪ್ಪದೆ ಹೋದಾಗ ರಾಜ್ಯ ಸರ್ಕಾರ ಕೆಜಿಗೆ 34 ರೂಪಾಯಿಯಂತೆ ತಲೆಗೆ ತಿಂಗಳಿಗೆ 170 ರೂಪಾಯಿ ಖಾತೆಗೆ ಹಾಕಿತು. ಈಗ ಗೊತ್ತಾಯಿತಲ್ಲ ಯಾರದೆಂದು ಎಂದು ಕಾಂಗ್ರೆಸ್ಸಿನವರು.

ಇಲ್ಲಿ ಒಂದು ಮಾತು. ನಮ್ಮೂರ ವೀರನಾರಾಯಣ ಗುಡಿಯಲ್ಲಿ ಕುಳಿತು ಕುಮಾರವ್ಯಾಸ ಭಾರತ ಬರೆದ ಎಂದು ಗದುಗಿನವರು ನಂಬುತ್ತೇವೆ. ಆ ಕಾವ್ಯದ ಪೀಠಿಕೆಯಲ್ಲಿ ಕವಿ ತನ್ನ ಹೆಗ್ಗಳಿಕೆಗಳನ್ನು ಹೇಳಿಕೊಳ್ಳುತ್ತಾನೆ. ಬೇರೆಯವರ ರೀತಿಯನ್ನು ತೆಗೆದುಕೊಳ್ಳದಿರುವುದು ಅದರಲ್ಲೊಂದು. ಹೇಳುತ್ತಿರುವ ಕಥೆ ವ್ಯಾಸರದು! ಓದಿದ ಯಾರಿಗೂ ಇದರಲ್ಲಿ ವಿರೋಧ ಕಾಣುವುದಿಲ್ಲ. ಕಥೆ ಎಲ್ಲರದು, ಹೇಳಿದ ಬಗೆ ಅವನದು.

ಕಾನೂನೂ ಹೆಚ್ಚು ಕಡಿಮೆ ಇದನ್ನೇ ಹೇಳುತ್ತದೆ. 'ಹಮ್ ಹಿಂದುಸ್ತಾನಿ' ಎಂಬ ನಾಟಕದ ಕರ್ತೃ, ತನ್ನ ಕಥೆ ಕದ್ದು 'ನ್ಯೂ ಡೆಲ್ಲಿ' ಎಂಬ ಹಿಂದಿ ಸಿನಿಮಾ ಮಾಡಿದ್ದಾರೆ ಎಂದು ಕೋರ್ಟಿಗೆ ಹೋಗಿದ್ದರು. ಆರ್.ಜಿ. ಆನಂದ್ ಪ್ರಕರಣವೆಂದೇ ಹೆಸರಾದ ಅದರ ತೀರ್ಪನ್ನು ಸುಪ್ರೀಂ ಕೋರ್ಟ್ 1978ರಲ್ಲಿ ಕೊಟ್ಟಿತು. ವಿಚಾರ, ವಸ್ತು, ಕಥೆಯ ಎಳೆ ಇವಕ್ಕೆ ಹಕ್ಕುಸ್ವಾಮ್ಯವಿಲ್ಲ, ಅವನ್ನು ಹೇಳಿದ ರೂಪಕ್ಕೆ ಇದೆ ಎಂದಿತು. ಹೆಣ್ಣುಮಕ್ಕಳಿಗೆ ತಿಂಗಳಿಗಿಷ್ಟು ಹಣ ಎಂಬುದು ವಿಚಾರ. ಅದನ್ನು ಯಾರು ಬೇಕಾದರೂ ಎತ್ತಿಕೊಳ್ಳಬಹುದು. ಎತ್ತಿಕೊಳ್ಳಬೇಕು ಕೂಡ, ಒಳ್ಳೆಯದಾದರೆ.

ರೂಪವನ್ನೇ ಎತ್ತಿದರೆ ಏನಾಗುತ್ತದೆ ಎಂಬುದಕ್ಕೂ ನಮ್ಮ ರಾಜ್ಯದಲ್ಲೇ ಪ್ರಕರಣವಿದೆ. 2022ರಲ್ಲಿ ರಾಹುಲ್ ಗಾಂಧಿಯವರ ಭಾರತ್ ಜೋಡೋ ಯಾತ್ರೆಯ ವಿಡಿಯೋಗಳಿಗೆ 'ಕೆಜಿಎಫ್ ಚಾಪ್ಟರ್ 2' ಸಿನಿಮಾದ ಸಂಗೀತ ಹಾಕಿದ್ದರು. ಹಕ್ಕು ಇದ್ದದ್ದು ಬೆಂಗಳೂರಿನ ಎಂಆರ್‌ಟಿ ಮ್ಯೂಸಿಕ್ ಕಂಪನಿಗೆ. ಅವರು ಯಶವಂತಪುರ ಠಾಣೆಗೆ ದೂರು ಕೊಟ್ಟರು, ರಾಹುಲ್ ಗಾಂಧಿ, ಜೈರಾಮ್ ರಮೇಶ್, ಸುಪ್ರಿಯಾ ಶ್ರೀನೇತ್ ಮೇಲೆ ಎಫ್‌ಐಆರ್ ಆಯಿತು. ನವೆಂಬರ್ 7ರಂದು ಬೆಂಗಳೂರಿನ ವಾಣಿಜ್ಯ ನ್ಯಾಯಾಲಯ ಕಾಂಗ್ರೆಸ್ ಪಕ್ಷದ ಮತ್ತು ಯಾತ್ರೆಯ ಟ್ವಿಟರ್ ಖಾತೆಗಳನ್ನೇ ತಾತ್ಕಾಲಿಕವಾಗಿ ತಡೆಹಿಡಿಯಲು ಆದೇಶಿಸಿತು. ಮರುದಿನ ಹೈಕೋರ್ಟ್, ಆ ತುಣುಕುಗಳನ್ನು ತೆಗೆಯಬೇಕೆಂಬ ಷರತ್ತಿನ ಮೇಲೆ, ಆದೇಶವನ್ನು ಬದಿಗಿಟ್ಟಿತು. 2023ರ ಜೂನ್‌ನಲ್ಲಿ ಎಫ್‌ಐಆರ್ ರದ್ದು ಮಾಡಿ ಎಂಬ ಕೋರಿಕೆಯನ್ನು ಹೈಕೋರ್ಟ್ ಒಪ್ಪಲಿಲ್ಲ.

ಆ ಎರಡು ದಿನ ನಮ್ಮ ಓಣಿಯ ಚಹಾದಂಗಡಿಗೆ ಬರುವ ಪತ್ರಿಕೆಗಳನ್ನೆಲ್ಲ ಒಟ್ಟಿಗೆ ಹರವಿಕೊಂಡು ಓದಿದ್ದೆ. ಪ್ರೆಸ್ಸಿನವನ ಚಟ, ಸುದ್ದಿಗಿಂತ ಮೊದಲು ಶೀರ್ಷಿಕೆ ಎಷ್ಟು ಪಾಯಿಂಟಿನಲ್ಲಿದೆ, ಎಷ್ಟು ಕಾಲಮ್ಮು ಹಿಡಿದಿದೆ ಎಂದು ಕಣ್ಣಳತೆ ಮಾಡುವುದು. ಖಾತೆ ತಡೆದ ಸುದ್ದಿ ಒಂದರಲ್ಲಿ ಮುಖಪುಟದ ತಲೆಯ ಮೇಲಿತ್ತು, ಮರುದಿನ ಹೈಕೋರ್ಟಿನ ಸುದ್ದಿ ಒಳಪುಟದ ಮೂಲೆಗೆ ಹೋಗಿತ್ತು. ಇನ್ನೊಂದರಲ್ಲಿ ಮೊದಲ ದಿನದ್ದು ಸಿಂಗಲ್ ಕಾಲಮ್ಮು, ಎರಡನೆಯ ದಿನದ್ದು ದೊಡ್ಡದು. ಒಂದಕ್ಷರ ಸುಳ್ಳಿಲ್ಲ ಯಾವುದರಲ್ಲೂ! ಪಕ್ಷಪಾತ ಎಂದರೆ ಸುಳ್ಳು ಬರೆಯುವುದು ಎಂದು ಬಹಳ ಮಂದಿ ತಿಳಿದಿದ್ದಾರೆ. ಅದಕ್ಕೆ ಸುಳ್ಳಿನ ಅಗತ್ಯವೇ ಇಲ್ಲ. ಫಾಂಟ್ ಸೈಜು ಸಾಕು.

2022ರ ಡಿಸೆಂಬರ್ ಕೊನೆಯಲ್ಲಿ ಮಹದಾಯಿ ನೀರಿನ ಸುದ್ದಿ ಬಂದಾಗಲೂ ಹಾಗೇ. ಕಳಸಾ-ಬಂಡೂರಿಯ ಪರಿಷ್ಕೃತ ಯೋಜನಾ ವರದಿಗೆ ಕೇಂದ್ರ ಜಲ ಆಯೋಗ ಒಪ್ಪಿಗೆ ಕೊಟ್ಟಿತು ಎಂದು ಬೊಮ್ಮಾಯಿ ಬೆಳಗಾವಿ ಅಧಿವೇಶನದಲ್ಲಿ ಹೇಳಿದರು. ಪತ್ರದಲ್ಲಿ ದಿನಾಂಕವೇ ಇಲ್ಲವಲ್ಲ ಎಂದು ಕಾಂಗ್ರೆಸ್ ಕೇಳಿತು. ಒಂದು ಪತ್ರಿಕೆ ಪಟಾಕಿ ಹೊಡೆದ ಫೋಟೋ ಹಾಕಿತು, ಇನ್ನೊಂದು ದಿನಾಂಕವಿಲ್ಲದ ಪತ್ರದ ಫೋಟೋ ಹಾಕಿತು. ನರಗುಂದದ ಕಡೆಯ ರೈತ ಎರಡನ್ನೂ ಓದಿದರೆ ಮಾತ್ರ ಪೂರ್ತಿ ಸುದ್ದಿ. ದಿನಕ್ಕೆ ಎರಡು ಪತ್ರಿಕೆ ಕೊಳ್ಳುವ ರೈತ ಎಷ್ಟು ಮಂದಿ ಇದ್ದಾರೋ!

ಪತ್ರಿಕೆ ಮತ್ತು ಪಕ್ಷದ ನಂಟು ಹೊಸದೇನಲ್ಲ, ನಮ್ಮ ಕಡೆಗಂತೂ ಅಲ್ಲವೇ ಅಲ್ಲ. 1921ರಲ್ಲಿ 'ಕರ್ಮವೀರ' ಆರಂಭಿಸಿದ ರಂಗನಾಥ ದಿವಾಕರರು ಕಾಂಗ್ರೆಸ್ಸಿನ ಮುಂದಾಳು. ಬೆಳಗಾವಿಯಲ್ಲಿ ಹುಟ್ಟಿ ಆಮೇಲೆ ಹುಬ್ಬಳ್ಳಿಗೆ ಬಂದ 'ಸಂಯುಕ್ತ ಕರ್ನಾಟಕ' ಸ್ವಾತಂತ್ರ್ಯ ಚಳವಳಿಯ ಪತ್ರಿಕೆ. ದಿವಾಕರರು ಮುಂದೆ ಕೇಂದ್ರದ ವಾರ್ತಾ ಮತ್ತು ಪ್ರಸಾರ ಖಾತೆಯನ್ನೇ ನಡೆಸಿದರು, ಬಿಹಾರದ ರಾಜ್ಯಪಾಲರಾದರು. ಅವರ ಪತ್ರಿಕೆ ಯಾರ ಪರ ಎಂದು ಯಾರೂ ಕೇಳಬೇಕಾಗಿರಲಿಲ್ಲ. ಅದೇ ಅದರ ಮರ್ಯಾದೆ.

ವಿಜಯ ಸಂಕೇಶ್ವರರು ನಮ್ಮೂರಿನವರೇ. ತಂದೆಯದು ಪ್ರಿಂಟಿಂಗ್ ಮತ್ತು ಪ್ರಕಾಶನ, ಬಿ.ಜಿ. ಸಂಕೇಶ್ವರ ಹೆಸರಿನ ಡಿಕ್ಷನರಿ ಈ ಕಡೆಯ ಶಾಲೆ ಹುಡುಗರ ಪಾಟಿಚೀಲದಲ್ಲಿ ಇರುತ್ತಿತ್ತು. ಮಗ 1976ರಲ್ಲಿ ಒಂದು ಲಾರಿಯಿಂದ ಸಾರಿಗೆ ಶುರು ಮಾಡಿದರು. 1996, 1998, 1999ರಲ್ಲಿ ಧಾರವಾಡ ಉತ್ತರದಿಂದ ಬಿಜೆಪಿ ಸಂಸದ. 1999ರಲ್ಲೇ 'ವಿಜಯ ಕರ್ನಾಟಕ' ಆರಂಭಿಸಿ, ಬೆಲೆ ಇಳಿಸಿ, ಕೆಲವೇ ವರ್ಷದಲ್ಲಿ ಅದನ್ನು ಕನ್ನಡದ ಅತಿ ಹೆಚ್ಚು ಪ್ರಸಾರದ ದಿನಪತ್ರಿಕೆ ಮಾಡಿದರು. ನಡುವೆ 'ಕನ್ನಡ ನಾಡು' ಎಂಬ ಸ್ವಂತ ಪಕ್ಷ ಕಟ್ಟಿದರು. 2006ರಲ್ಲಿ ಪತ್ರಿಕೆಯನ್ನು ಟೈಮ್ಸ್ ಸಮೂಹಕ್ಕೆ ಮಾರಿ, 2012ರಲ್ಲಿ 'ವಿಜಯವಾಣಿ' ತಂದರು. ಪತ್ರಿಕೆ ಹಳ್ಳಿಹಳ್ಳಿಗೆ ಹೋಗುವಂತೆ ಮಾಡಿದ್ದರಲ್ಲಿ ಅವರ ಪಾಲು ದೊಡ್ಡದು, ಲಾರಿ-ಬಸ್ಸಿನ ಜಾಲ ಗೊತ್ತಿದ್ದವರು ತಾನೇ. ರಾಜೀವ್ ಚಂದ್ರಶೇಖರ್ ಕರ್ನಾಟಕದಿಂದ ರಾಜ್ಯಸಭೆಗೆ ಹೋದವರು, ಆಮೇಲೆ ಬಿಜೆಪಿ ಸೇರಿ ಕೇಂದ್ರ ಮಂತ್ರಿಯಾದವರು. ಸುವರ್ಣ ನ್ಯೂಸ್, ಕನ್ನಡಪ್ರಭ ಅವರ ಬಂಡವಾಳದಲ್ಲಿ ಬೆಳೆದವು. 2007ರಲ್ಲಿ ಕಸ್ತೂರಿ ವಾಹಿನಿ ಶುರು ಮಾಡಿದ್ದು ಎಚ್.ಡಿ. ಕುಮಾರಸ್ವಾಮಿ ಕುಟುಂಬ. ದೆಹಲಿಯ ನ್ಯಾಷನಲ್ ಹೆರಾಲ್ಡ್ ಯಾರದೆಂದು ಹೇಳಬೇಕಾಗಿಲ್ಲ. ಮಾಲೀಕರು ರಾಜಕಾರಣಿಯಾದ ಮಾತ್ರಕ್ಕೆ ಪ್ರತಿ ಸುದ್ದಿಯೂ ಅವರು ಹೇಳಿ ಬರೆಸಿದ್ದು ಎಂದಲ್ಲ. ಒಳಗೆ ಕೆಲಸ ಮಾಡುವವರಲ್ಲಿ ನಿಷ್ಠುರವಾಗಿ ಬರೆದವರನ್ನು ನಾನೂ ಕಂಡಿದ್ದೇನೆ. ಆದರೂ ಓದುವವನಿಗೆ ಮನೆ ಯಾರದು ಎಂಬುದು ಗೊತ್ತಿರಲಿ.

ಹೊರಗಿನ ದೇಶಗಳಲ್ಲೂ ಇದೇ ಆಟ, ಅಲ್ಲಿ ಹೆಚ್ಚಾಗಿ ಪದವಿ ಪ್ರಬಂಧದ ಮೇಲೆ. 2011ರಲ್ಲಿ ಜರ್ಮನಿಯ ರಕ್ಷಣಾ ಮಂತ್ರಿ ಗುಟೆನ್‌ಬರ್ಗ್ ಅವರ ಕಾನೂನಿನ ಡಾಕ್ಟರೇಟ್ ಪ್ರಬಂಧದಲ್ಲಿ ಬೇರೆಯವರ ಸಾಲುಗಳು ಸಿಕ್ಕವು. ಸುದ್ದಿ ಮೊದಲು ಬಂದದ್ದು ಒಂದು ಉದಾರವಾದಿ ಪತ್ರಿಕೆಯಲ್ಲಿ. ಅಲ್ಲಿನ ಜನಪ್ರಿಯ ಪತ್ರಿಕೆ 'ಬಿಲ್ಡ್' ಮಂತ್ರಿಯ ಬೆನ್ನಿಗೆ ನಿಂತಿತು. ಕೊನೆಗೆ ತೀರ್ಪು ಕೊಟ್ಟವರು ಪತ್ರಿಕೆಗಳವರಲ್ಲ, ಮನೆಯಲ್ಲಿ ಕೂತು ಪ್ರಬಂಧದ ಪುಟಪುಟವನ್ನೂ ಹಳೆಯ ಪುಸ್ತಕಗಳೊಂದಿಗೆ ತಾಳೆ ಹಾಕಿದ ನೂರಾರು ಸಾಮಾನ್ಯರು. ಬೈರಾಯ್ತ್ ವಿಶ್ವವಿದ್ಯಾಲಯ ಪದವಿ ಹಿಂಪಡೆಯಿತು, ಮಾರ್ಚ್ 1ರಂದು ಮಂತ್ರಿ ರಾಜೀನಾಮೆ ಕೊಟ್ಟರು. 2024ರ ಅಕ್ಟೋಬರ್‌ನಲ್ಲಿ, ಅಮೆರಿಕದ ಚುನಾವಣೆಗೆ ಮೂರು ವಾರವಿದ್ದಾಗ, ಕಮಲಾ ಹ್ಯಾರಿಸ್ 2009ರಲ್ಲಿ ಸಹಲೇಖಕಿಯಾಗಿ ಬರೆದ ಪುಸ್ತಕದಲ್ಲಿ ಕದ್ದ ಭಾಗಗಳಿವೆ ಎಂದು ಎದುರು ಬಣದ ಹೋರಾಟಗಾರನೊಬ್ಬ ಬಹಿರಂಗ ಮಾಡಿದ. ಒಂದು ಕಡೆಯ ಮಾಧ್ಯಮಕ್ಕೆ ಹ್ಯಾರಿಸ್ ಕದ್ದದ್ದೇ ಸುದ್ದಿ. ಇನ್ನೊಂದು ಕಡೆಯದಕ್ಕೆ ಆ ಹೋರಾಟಗಾರ ಅದನ್ನು ಅಸ್ತ್ರ ಮಾಡಿಕೊಂಡದ್ದೇ ಸುದ್ದಿ. ಸಾಲುಗಳು ನಿಜವಾಗಿ ಹೊಂದುತ್ತವೆಯೇ ಎಂದು ಪಕ್ಕಪಕ್ಕ ಇಟ್ಟು ತೋರಿಸುವ ವ್ಯವಧಾನ ಎರಡೂ ಕಡೆ ಕಡಿಮೆ.

ನನಗೆ ಇವೆಲ್ಲಕ್ಕಿಂತ ದೊಡ್ಡದಾಗಿ ಕಾಣುವ ಕಳ್ಳತನ ಬೇರೆ. ಪಕ್ಷ ಪಕ್ಷದ್ದನ್ನು ಕದ್ದರೆ ಓದುಗನ ಗಂಟೇನೂ ಹೋಗುವುದಿಲ್ಲ. ಪಕ್ಷ ಬರೆದುಕೊಟ್ಟದ್ದನ್ನು ಪತ್ರಿಕೆ ತನ್ನ ವರದಿಗಾರ ಕಂಡು ಬರೆದದ್ದು ಎಂಬಂತೆ ಅಚ್ಚು ಹಾಕಿದರೆ ಹೋಗುತ್ತದೆ.

ಇದರ ದೊಡ್ಡ ಪ್ರಕರಣ ನೆರೆಯ ಮಹಾರಾಷ್ಟ್ರದ್ದು. 2009ರ ಅಕ್ಟೋಬರ್, ವಿಧಾನಸಭೆ ಚುನಾವಣೆ. ಮುಖ್ಯಮಂತ್ರಿ ಅಶೋಕ್ ಚವಾಣ್ ಅವರನ್ನು ಹೊಗಳುವ ಒಂದೇ ಲೇಖನ ಲೋಕಮತ, ಪುಢಾರಿ, ಮಹಾರಾಷ್ಟ್ರ ಟೈಮ್ಸ್ ಮೂರರಲ್ಲೂ ಕೆಲವು ದಿನಗಳ ಅಂತರದಲ್ಲಿ ಬಂತು. ಮೂರೂ ಒಂದಕ್ಕೊಂದು ಪೈಪೋಟಿಯ ಪತ್ರಿಕೆಗಳು. ಪಿ. ಸಾಯಿನಾಥ್ ಅದನ್ನು 'ದಿ ಹಿಂದೂ'ದಲ್ಲಿ ಬಯಲಿಗೆಳೆದರು. ಯಾರು ಯಾರದನ್ನು ಕದ್ದರು ಎಂದು ಆ ಮೂರು ಪತ್ರಿಕೆಗಳಲ್ಲಿ ಒಂದೂ ಇನ್ನೊಂದರ ಮೇಲೆ ದೂರಲಿಲ್ಲ ನೋಡಿ. ಸ್ವಂತ ಬರಹವಾಗಿದ್ದರೆ ಸುಮ್ಮನಿರುತ್ತಿದ್ದರೇ? ತಾವು ಯಾರಿಗೂ ಹಣ ಕೊಟ್ಟಿಲ್ಲ ಎಂದರು ಚವಾಣ್. ಅಭ್ಯರ್ಥಿಯ ಖರ್ಚಿನ ಲೆಕ್ಕ ಸರಿಯೇ ಎಂದು ವಿಚಾರಣೆ ಮಾಡುವ ಅಧಿಕಾರ ಚುನಾವಣಾ ಆಯೋಗಕ್ಕಿದೆ ಎಂದು 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ದೆಹಲಿ ಹೈಕೋರ್ಟ್, ಚವಾಣ್ ವಿರುದ್ಧ ಆಯೋಗ ಕೈಗೊಂಡ ಕ್ರಮವನ್ನು ರದ್ದು ಮಾಡಿತು. 2024ರಲ್ಲಿ ಅವರು ಬಿಜೆಪಿ ಸೇರಿದರು; ಅಂದು ಅವರ ವಿರುದ್ಧ ಗಲಾಟೆ ಮಾಡಿದ್ದ ಪಕ್ಷ. ಉತ್ತರ ಪ್ರದೇಶದ ಬಿಸೌಲಿಯ ಶಾಸಕಿ ಉಮಲೇಶ್ ಯಾದವ್ ಅವರಿಗೆ ಆ ಅದೃಷ್ಟ ಇರಲಿಲ್ಲ. ಪತ್ರಿಕೆಗೆ ಹಣ ಕೊಟ್ಟು ಹಾಕಿಸಿದ ಸುದ್ದಿಯ ಖರ್ಚು ತೋರಿಸಲಿಲ್ಲವೆಂದು 2011ರಲ್ಲಿ ಆಯೋಗ ಅವರನ್ನು ಮೂರು ವರ್ಷ ಅನರ್ಹಗೊಳಿಸಿತು. ದೇಶದಲ್ಲಿ ಅದೇ ಮೊದಲು.

ಹೀಗೆ ಹಣ ಕೊಟ್ಟು ಹಾಕಿಸುವ ಸುದ್ದಿಯ ಬಗ್ಗೆ ಭಾರತೀಯ ಪತ್ರಿಕಾ ಮಂಡಳಿ ಇಬ್ಬರು ಸದಸ್ಯರಿಂದ ತನಿಖೆ ಮಾಡಿಸಿತು. ಅವರು 2010ರಲ್ಲಿ ಪತ್ರಿಕೆಗಳ ಹೆಸರು ಸಹಿತ ಉದ್ದನೆಯ ವರದಿ ಕೊಟ್ಟರು, ಮಂಡಳಿ ಚಿಕ್ಕದೊಂದನ್ನು ಮಾತ್ರ ಒಪ್ಪಿತು. ಪೂರ್ಣ ವರದಿ ಹೊರಬಂದದ್ದು ಮರುವರ್ಷ, ಮಾಹಿತಿ ಆಯೋಗ ಹೇಳಿದ ಮೇಲೆ. ನಮ್ಮಲ್ಲಿ 2022ರ ದೀಪಾವಳಿಗೆ ಮುಖ್ಯಮಂತ್ರಿ ಕಚೇರಿಯಿಂದ ಕೆಲವು ಪತ್ರಕರ್ತರಿಗೆ ಹೋದ ಸಿಹಿ ಡಬ್ಬಿಯೊಳಗೆ ನಗದು ಇತ್ತೆಂಬ ದೂರು ಲೋಕಾಯುಕ್ತಕ್ಕೆ ಹೋಯಿತು. ಬೊಮ್ಮಾಯಿಯವರು ಅದನ್ನು ಅಲ್ಲಗಳೆದರು. ಕೆಲವರು ಡಬ್ಬಿ ವಾಪಸು ಕಳಿಸಿದರೆಂದು ಸುದ್ದಿಯಾಯಿತು. ವಾಪಸು ಕಳಿಸಿದವರ ಬಗ್ಗೆ ಮಾತಾಡುವುದು ಕಡಿಮೆ, ಅದು ನನಗೆ ಬೇಸರ.

ಈಗ ಚುನಾವಣೆ ಬಂದರೆ ಪ್ರತಿ ಜಿಲ್ಲೆಯಲ್ಲೂ ಮಾಧ್ಯಮ ಪ್ರಮಾಣೀಕರಣ ಮತ್ತು ನಿಗಾ ಸಮಿತಿ ಇರುತ್ತದೆ, ಎಲ್ಲರೂ ಎಂಸಿಎಂಸಿ ಎನ್ನುತ್ತಾರೆ. ಅಲ್ಲಿ ಕುಳಿತವರು ಪತ್ರಿಕೆ, ಟಿವಿ ನೋಡಿ, ಯಾವುದು ಕಾಸಿಗೆ ಬಂದ ಸುದ್ದಿಯೆಂದು ಅನುಮಾನ ಬಂತೋ ಅದನ್ನು ಗುರುತು ಹಾಕುತ್ತಾರೆ. ಚುನಾವಣಾಧಿಕಾರಿ ಅಭ್ಯರ್ಥಿಗೆ ನೋಟಿಸು ಕೊಡುತ್ತಾರೆ. ಉತ್ತರ ಒಪ್ಪಿಗೆಯಾಗದಿದ್ದರೆ ಆ ಸುದ್ದಿಯ ಅಳತೆ ಹಿಡಿದು, ಸರ್ಕಾರಿ ಜಾಹೀರಾತಿನ ದರದಲ್ಲಿ ಲೆಕ್ಕ ಹಾಕಿ, ಅಭ್ಯರ್ಥಿಯ ಖರ್ಚಿಗೆ ಸೇರಿಸುತ್ತಾರೆ. 2023ರಲ್ಲಿ ವಿಧಾನಸಭೆ ಅಭ್ಯರ್ಥಿಯ ಮಿತಿ 40 ಲಕ್ಷ ರೂಪಾಯಿ. ಸಮಿತಿಯ ಕಣ್ಣಿಗೆ ಬೀಳುವುದು ಚುನಾವಣೆ ಘೋಷಣೆಯಾದ ಮೇಲಿನ ಸುದ್ದಿ. ಉಳಿದ ನಾಲ್ಕೂ ಮುಕ್ಕಾಲು ವರ್ಷ ಯಾರ ಲೆಕ್ಕ?

ತಾಲ್ಲೂಕು ಮಟ್ಟದಲ್ಲಿ ಇದು ಹೇಗೆ ನಡೆಯುತ್ತದೆ ಎಂಬುದನ್ನು ಬೆಂಗಳೂರಿನ ಚರ್ಚೆಗಳಲ್ಲಿ ಯಾರೂ ಹೇಳುವುದಿಲ್ಲ. ಮುಂಡರಗಿ ಕಡೆಯ ಒಬ್ಬ ಅರೆಕಾಲಿಕ ವರದಿಗಾರ ನನಗೆ ಪರಿಚಯ. ಪತ್ರಿಕೆಯಿಂದ ಅವನಿಗೆ ಬರುವ ಗೌರವಧನ ಪೆಟ್ರೋಲಿಗೆ ಸಾಲದು. ಅವನ ನಿಜವಾದ ದುಡಿಮೆ ಜಾಹೀರಾತಿನ ಕಮಿಷನ್ನು. ಶಾಸಕರ ಹುಟ್ಟುಹಬ್ಬ, ಮಠದ ಜಾತ್ರೆ, ಸಹಕಾರಿ ಸಂಘದ ಶತಮಾನೋತ್ಸವ ಬಂದರೆ ಪುರವಣಿ. ಪುರವಣಿಗೆ ಜಾಹೀರಾತು ಕೇಳಲು ಯಾರ ಮನೆಗೆ ಹೋಗುತ್ತಾನೋ, ಮರುದಿನ ಅವರದೇ ಕಾಮಗಾರಿಯ ಗುಂಡಿಯ ಬಗ್ಗೆ ಬರೆಯಬೇಕು. ಒಮ್ಮೆ ಅವನ ಮೊಬೈಲಿನಲ್ಲಿ ಬಂದ ಪತ್ರಿಕಾ ಪ್ರಕಟಣೆ ತೋರಿಸಿದ. ಒಂದು ಪಕ್ಷದ ಘಟಕ ಕಳಿಸಿದ್ದು. ಮೊದಲ ಸಾಲಿನಲ್ಲಿ 'ಸಮಸ್ತ ನಾಗರಿಕರ ಮೆಚ್ಚುಗೆಗೆ ಪಾತ್ರರಾದ' ಎಂದಿತ್ತು. ಮರುದಿನ ಪತ್ರಿಕೆಯಲ್ಲಿ ಅದೇ ಸಾಲು, ಅವನ ಹೆಸರಿನಲ್ಲಿ.

"ಪ್ರಕಟಣೆ ಅಂತ ಹಾಕಬೇಕಿತ್ತಲ್ಲೊ?" ಎಂದೆ.

"ಪ್ರಕಟಣೆ ಅಂದ್ರ ಡೆಸ್ಕಿನ್ಯಾವ್ರು ಎರಡ ಸಾಲಿಗೆ ಇಳಸ್ತಾರ ಅಣ್ಣಾರ. ನನ್ನ ಹೆಸರ ಹಾಕಿ ಕಳಸಿದ್ರ ನಾಕ ಕಾಲಮ್ಮು. ಅವರೂ ಖುಷಿ, ಪುರವಣಿಗೆ ಅರ್ಧ ಪೇಜು ಕೊಡ್ತಾರ. ನಾ ಏನ ಸುಳ್ಳ ಬರದೇನಿ?"

ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಅವನ ಜೊತೆ ಅದೇ ದಿನ ಇನ್ನಿಬ್ಬರು ವರದಿಗಾರರೂ ಅದೇ ಪ್ರಕಟಣೆಯನ್ನು ತಮ್ಮ ಹೆಸರಿನಲ್ಲಿ ಕಳಿಸಿದ್ದರು. ಕಾಲೇಜಿನ ಹುಡುಗ ಪಿಎಚ್‌ಡಿ ಪ್ರಬಂಧದಲ್ಲಿ ಹೀಗೆ ಮಾಡಿದ್ದರೆ ಯುಜಿಸಿಯ 2018ರ ನಿಯಮದಂತೆ, ಹೋಲಿಕೆ ಶೇ 60 ಮೀರಿದರೆ, ನೋಂದಣಿಯೇ ರದ್ದು. ಪತ್ರಿಕೆಗೆ ಅಂಥ ನಿಯಮವಿಲ್ಲ. ಕರಪತ್ರದ ಮುದ್ರಕನಾದ ನನ್ನ ಮೇಲೆ 127ಎ ಇದೆ. ಅದೇ ಕರಪತ್ರದ ಮಾತು ಸುದ್ದಿಯಾಗಿ ಬಂದರೆ ಬರೆಸಿದವರು ಯಾರೆಂದು ಹೇಳುವ ಕಟ್ಟಳೆ ಯಾರ ಮೇಲೂ ಇಲ್ಲ.

ಕಂಡುಹಿಡಿಯುವುದೂ ಕನ್ನಡದಲ್ಲಿ ಕಷ್ಟ, ಅದಕ್ಕೆ ಕಾರಣ ನಮ್ಮ ಕಸುಬಿನದೇ. ಪ್ರೆಸ್ಸುಗಳಲ್ಲಿ ಇವತ್ತಿಗೂ ಬಹಳಷ್ಟು ಕೆಲಸ ನುಡಿ, ಶ್ರೀಲಿಪಿಯ ಹಳೆಯ ಫಾಂಟುಗಳಲ್ಲೇ ನಡೆಯುತ್ತದೆ. ಪರದೆಯ ಮೇಲೆ ಕನ್ನಡ ಕಾಣುತ್ತದೆ, ಕಂಪ್ಯೂಟರಿನ ಲೆಕ್ಕದಲ್ಲಿ ಅದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಯೂನಿಕೋಡ್ ಅಲ್ಲದ ಆ ಪುಟವನ್ನು ಗೂಗಲ್‌ನಲ್ಲಿ ಹುಡುಕಿದರೆ ಸಿಗದು, ನಕಲು ಹಿಡಿಯುವ ಸಾಫ್ಟ್‌ವೇರಿಗೂ ಸಿಗದು. ಇಂಗ್ಲಿಷ್ ಪತ್ರಿಕೆಯ ಕದ್ದ ಸಾಲು ನಿಮಿಷದಲ್ಲಿ ಸಿಕ್ಕಿಬೀಳುತ್ತದೆ, ಲಕ್ಷ್ಮೇಶ್ವರದ ಕರಪತ್ರದ ಸಾಲು ಮೂರು ಪತ್ರಿಕೆಯಲ್ಲಿ ಬಂದರೂ ಯಂತ್ರದ ಕಣ್ಣಿಗೆ ಬೀಳುವುದಿಲ್ಲ. ಕಣ್ಣಿಂದಲೇ ಓದಿ ಹಿಡಿಯಬೇಕು.

ಹಾಗೆ ಓದುವವರಿಗೆ ನಾನು ಹೇಳಿಕೊಡುವುದು ಇಷ್ಟು. ಕೊನೆಯ ಪುಟದ ಅಡಿಯಲ್ಲಿ ಮಾಲೀಕರು, ಮುದ್ರಕರು, ಪ್ರಕಾಶಕರು, ಸಂಪಾದಕರು ಯಾರೆಂದು ಒಂದು ಸಾಲು ಇರುತ್ತದೆ, ಮೊದಲು ಅದನ್ನು ಓದಿ. ಮಾರ್ಚ್ ಮೊದಲ ದಿನಗಳ ಸಂಚಿಕೆಯಲ್ಲಿ 'ನಮೂನೆ 4' ಎಂಬ ಸಣ್ಣ ಚೌಕಟ್ಟು ಅಚ್ಚಾಗುವ ರೂಢಿ ಇದೆ. ಪತ್ರಿಕೆಯ ಒಡೆತನದ ವಿವರ ಪ್ರತಿ ವರ್ಷ ಹೀಗೆ ಹೊರಗಿಡಬೇಕೆಂದು 1867ರ ಹಳೆಯ ಕಾಯ್ದೆಯಡಿಯ ನಿಯಮದಿಂದ ಬಂದ ರೂಢಿ ಅದು. ಬಹುತೇಕರು ಅದನ್ನು ಟೆಂಡರ್ ನೋಟಿಸು ಎಂದುಕೊಂಡು ದಾಟಿಬಿಡುತ್ತಾರೆ. ಪುರವಣಿಯ ಮೂಲೆಯಲ್ಲಿ 'ಜಾಹೀರಾತು' ಎಂದು ಇರುವೆಯಷ್ಟು ಅಕ್ಷರದಲ್ಲಿ ಇದೆಯೇ ನೋಡಿ. ಹೊಗಳಿಕೆಯ ಸುದ್ದಿಯಲ್ಲಿ ಎದುರಿನವರ ಒಂದು ಮಾತಾದರೂ ಇದೆಯೇ, ಸ್ಥಳಕ್ಕೆ ಹೋಗಿ ಬಂದವರಿಗೆ ಮಾತ್ರ ಗೊತ್ತಾಗುವ ಒಂದು ವಿವರವಾದರೂ ಇದೆಯೇ ನೋಡಿ.

2023ರಲ್ಲಿ ನಮ್ಮ ಜಿಲ್ಲೆಯ ನಾಲ್ಕು ಕ್ಷೇತ್ರದಲ್ಲಿ ಗದಗ, ರೋಣ ಕಾಂಗ್ರೆಸ್ಸಿಗೆ, ನರಗುಂದ, ಶಿರಹಟ್ಟಿ ಬಿಜೆಪಿಗೆ ಹೋದವು. ಹೀಗಾಗಿ ಚಹಾದಂಗಡಿಯಲ್ಲಿ ಎರಡೂ ಕಡೆಯವರು ಸರಿಸಮ ಇರುತ್ತಾರೆ, ಎರಡೂ ಕಡೆಯ ಪತ್ರಿಕೆಯೂ ಇರುತ್ತದೆ. ಮೊನ್ನೆ ಒಬ್ಬರು ಒಂದು ಸುದ್ದಿಯನ್ನು ಗಟ್ಟಿಯಾಗಿ ಓದುತ್ತಿದ್ದರು. ಪಕ್ಕದವರು ತಮ್ಮ ಕೈಯಲ್ಲಿದ್ದ ಬೇರೆ ಪತ್ರಿಕೆಯಲ್ಲಿ ಬೆರಳಿಟ್ಟು ಅದರ ಮುಂದಿನ ಸಾಲನ್ನು ಓದಿ ಮುಗಿಸಿದರು. ಅಲ್ಪವಿರಾಮವೂ ತಪ್ಪಿರಲಿಲ್ಲ. "ಯಾರ ಬರದಾರಪಾ ಇದನ್ನ?" ಎಂದು ಅಂಗಡಿಯವನು ಕೇಳಿದ. ಇಬ್ಬರೂ ಮೇಲೆ ನೋಡಿದರು. ಎರಡರಲ್ಲೂ ಬೇರೆ ಬೇರೆ ಹೆಸರಿತ್ತು.